ಚಳಿನಾಡಿನ ಹಿತ್ತಿಲಿನಲ್ಲಿ ಪರ್ಸಿಮನ್: ತಳಿಯ ಆಯ್ಕೆಯಿಂದ ಕೊಯ್ಲಿನವರೆಗೆ

ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಸ್ವಂತ ಹಿತ್ತಿಲು ಇರುವವರು ಒಂದಲ್ಲ ಒಂದು ವರ್ಷ ಹಣ್ಣಿನ ಗಿಡ ನೆಡುವ ಯೋಚನೆ ಮಾಡುತ್ತಾರೆ. ಸಾಮಾನ್ಯವಾಗಿ ಸೇಬು ಅಥವಾ ಪೀಚ್‌ನಿಂದ ಆರಂಭವಾಗುತ್ತದೆ. ಈ ಮರಗಳು ಹಲವು ಬಾರಿ ಔಷಧ ಸಿಂಪಡಿಸದೆ ತಿನ್ನಲು ಯೋಗ್ಯವಾದ ಹಣ್ಣು ಕೊಡುವುದು ಅಪರೂಪ ಎಂಬುದೂ, ಏಪ್ರಿಲ್ ತಿಂಗಳ ಒಂದು ರಾತ್ರಿಯ ಚಳಿಗೆ ಹೂವು ಕರಕಲಾದರೆ ಆ ವರ್ಷದ ಫಸಲು ಕೈತಪ್ಪುತ್ತದೆ ಎಂಬುದೂ ಅವರಿಗೆ ಕೆಲವೇ ವರ್ಷಗಳಲ್ಲಿ ತಿಳಿಯುತ್ತದೆ. ಪರ್ಸಿಮನ್ ಈ ಎರಡು ತೊಂದರೆಗಳಿಂದಲೂ ಬಹುಮಟ್ಟಿಗೆ ಮುಕ್ತವಾದ ಮರ. ಅದು ಚಿಗುರುವುದೇ ತಡ, ಹೂ ಬಿಡುವುದು ಇನ್ನೂ ತಡ. ಮೇ ಕೊನೆಯಿಂದ ಜೂನ್ ನಡುವೆ ಅರಳುವ ಅದರ ಹೂವನ್ನು ವಸಂತದ ಚಳಿ ಮುಟ್ಟುವುದು ತೀರ ವಿರಳ. ರೋಗಕೀಟಗಳ ಕಾಟವೂ ಕಡಿಮೆಯಾದ್ದರಿಂದ, ಸಿಂಪಡಣೆಯ ಗೋಜಿಲ್ಲದೆ ಬೆಳೆಯಬಹುದಾದ ಹಣ್ಣಿನ ಮರಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಆದರೂ ಹಿತ್ತಿಲುಗಳಲ್ಲಿ ಪರ್ಸಿಮನ್ ಸಾಯುತ್ತಲೇ ಇರುತ್ತದೆ. ಅಕ್ಟೋಬರ್‌ನಲ್ಲಿ ಕೊರಿಯನ್ ಅಂಗಡಿಯಲ್ಲಿ ಕಂಡ ಚಪ್ಪಟೆಯಾದ ಕಿತ್ತಳೆ ಬಣ್ಣದ ಹಣ್ಣನ್ನು ಮೆಚ್ಚಿ, ಅದೇ ಹೆಸರಿನ ಸಸಿಯನ್ನು ತರಿಸಿ ಇಂಡಿಯಾನಾಪೊಲಿಸ್‌ನಲ್ಲೋ ಶಿಕಾಗೋದ ಹೊರವಲಯದಲ್ಲೋ ನೆಟ್ಟರೆ ಒಂದೆರಡು ಚಳಿಗಾಲ ದಾಟುವುದರೊಳಗೆ ಅದು ಕಟ್ಟಿಗೆಯಾಗುವುದು ಬಹುತೇಕ ಖಚಿತ. ಆದ್ದರಿಂದ ಗುದ್ದಲಿ ಹಿಡಿಯುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು: ಈ ಮರ ನಮ್ಮೂರಿನ ಚಳಿಯನ್ನು ತಡೆದುಕೊಳ್ಳುತ್ತದೆಯೇ, ಮತ್ತು ಇದರ ಹಣ್ಣು ನಮ್ಮೂರಿನ ಚಳಿಗೆ ಮುಂಚೆ ಮಾಗುತ್ತದೆಯೇ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ, ಎರಡನೆಯದನ್ನು ಕೇಳುವವರು ಕಡಿಮೆ.

ಮೂರು ಬಗೆಯ ಮರಗಳು

ಅಂಗಡಿಯ ದೊಡ್ಡ ಹಣ್ಣು ಏಷ್ಯಾದ ಪರ್ಸಿಮನ್, ಸಸ್ಯಶಾಸ್ತ್ರದಲ್ಲಿ ಡಯೋಸ್ಪೈರಸ್ ಕಾಕಿ. ಚೀನಾ, ಜಪಾನ್, ಕೊರಿಯಾಗಳಲ್ಲಿ ಶತಮಾನಗಳಿಂದ ಬೆಳೆದುಬಂದ ಇದನ್ನು ಭಾರತದಲ್ಲಿ ಹಿಮಾಚಲ ಪ್ರದೇಶದ ಕುಲ್ಲು ಕಣಿವೆಯ ರೈತರು 'ಜಪಾನಿ ಫಲ' ಎಂದು ಕರೆದು ಬೆಳೆಯುತ್ತಾರೆ. ಫುಯು, ಜಿರೊ, ಹಚಿಯಾ, ಸೈಜೊ ಇದರ ಪ್ರಸಿದ್ಧ ತಳಿಗಳು. ಇವುಗಳಲ್ಲಿ ಹೆಚ್ಚಿನವು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ, ಅಂದರೆ ಸೊನ್ನೆ ಫ್ಯಾರನ್‌ಹೀಟ್‌ನ, ಆಸುಪಾಸಿನಲ್ಲಿ ಸೋಲುತ್ತವೆ. ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಪರಿಷ್ಕರಿಸಿದ ಚಳಿವಲಯಗಳ ನಕ್ಷೆಯಲ್ಲಿ (ವಲಯದ ಸಂಖ್ಯೆ ಚಿಕ್ಕದಾದಷ್ಟೂ ಚಳಿ ಹೆಚ್ಚು) ನಿಮ್ಮ ಊರು 7ನೆಯ ವಲಯದಲ್ಲೋ ಅದಕ್ಕಿಂತ ಬೆಚ್ಚಗಿನ ವಲಯದಲ್ಲೋ ಇದ್ದರೆ ಮಾತ್ರ ಇವುಗಳ ಬಗ್ಗೆ ಯೋಚಿಸಿ.

ಎರಡನೆಯದು ಅಮೆರಿಕದ್ದೇ ಆದ ಕಾಡುಮರ, ಡಯೋಸ್ಪೈರಸ್ ವರ್ಜಿನಿಯಾನ. ಕನೆಟಿಕಟ್‌ನಿಂದ ಫ್ಲಾರಿಡಾದವರೆಗೆ, ಪಶ್ಚಿಮಕ್ಕೆ ಕ್ಯಾನ್ಸಸ್ ಮತ್ತು ಟೆಕ್ಸಸ್‌ವರೆಗೆ ತಾನಾಗಿ ಬೆಳೆಯುವ ಈ ಮರ ನಮ್ಮ ಬೀಡಿ ಎಲೆಯ ಮರಕ್ಕೂ ಕರಿಮರಕ್ಕೂ ಒಂದೇ ಕುಲದ ಬಂಧು. ಇದರ ಗಟ್ಟಿ ಕಟ್ಟಿಗೆಯಿಂದ ಬಹುಕಾಲ ಗಾಲ್ಫ್ ಕೋಲಿನ ತಲೆಗಳನ್ನು ಮಾಡುತ್ತಿದ್ದರು. ಒಳ್ಳೆಯ ಉತ್ತರದ ತಳಿಗಳು ಮೈನಸ್ 32 ಡಿಗ್ರಿ ಸೆಲ್ಸಿಯಸ್‌ವರೆಗಿನ ಚಳಿಯನ್ನು ಸಹಿಸುತ್ತವೆ. ಹಣ್ಣು ಚಿಕ್ಕದು, ಒಂದರಿಂದ ಎರಡು ಅಂಗುಲ ಅಡ್ಡಳತೆಯದು. ಆದರೆ ರುಚಿಯಲ್ಲಿ ಏಷ್ಯಾದ ಹಣ್ಣಿಗಿಂತ ಗಾಢವಾದದ್ದು.

ಮೂರನೆಯದು ಈ ಎರಡರ ಮಿಶ್ರತಳಿ. ಕ್ರೈಮಿಯಾದ ಯಾಲ್ಟಾ ಬಳಿ 1812ರಲ್ಲಿ ಸ್ಥಾಪನೆಯಾದ ನಿಕಿತಾ ಸಸ್ಯೋದ್ಯಾನದಲ್ಲಿ ಕಾಕಿ ಮತ್ತು ವರ್ಜಿನಿಯಾನಗಳನ್ನು ಸಂಕರಿಸಿ 'ರೊಸ್ಸೆಯಾಂಕಾ' ಎಂಬ ತಳಿಯನ್ನು ಪಡೆದರು; ಅದರ ಸಂತತಿಯನ್ನು ಮತ್ತೆ ಕಾಕಿಯೊಂದಿಗೆ ಸೇರಿಸಿದಾಗ ಸಿಕ್ಕಿದ್ದು ಅಮೆರಿಕದಲ್ಲಿ 'ನಿಕಿತಾಸ್ ಗಿಫ್ಟ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಸಣ್ಣ ಗಾತ್ರದ ಮರ. ಇವು ಮೈನಸ್ 23 ಡಿಗ್ರಿ ಸೆಲ್ಸಿಯಸ್ ಸುಮಾರಿನ ಚಳಿಯನ್ನು ತಡೆಯುತ್ತವೆ ಎಂಬುದು ಸಾಮಾನ್ಯ ಲೆಕ್ಕ. ಹಾಗಾಗಿ 6ನೆಯ ವಲಯದವರು ಇವನ್ನು ಪ್ರಯತ್ನಿಸಬಹುದು, ಆದರೆ 5ನೆಯ ವಲಯದವರು ನಂಬಿ ಕೂರಬಾರದು. ನಿಕಿತಾಸ್ ಗಿಫ್ಟ್‌ನ ಹಣ್ಣು ಅಕ್ಟೋಬರ್ ಕೊನೆ ಅಥವಾ ನವೆಂಬರ್‌ಗೆ ಮಾಗುವಂಥದ್ದಾದ್ದರಿಂದ, ಮರ ಬದುಕಿದರೂ ಹಣ್ಣನ್ನು ಗಟ್ಟಿಯಿರುವಾಗಲೇ ಕೊಯ್ದು ಮನೆಯೊಳಗೆ ಹಣ್ಣು ಮಾಡಬೇಕಾಗುತ್ತದೆ.

5ನೆಯ ವಲಯದ ಹಿತ್ತಿಲಿಗೆ ನನ್ನ ಸಲಹೆ ಸ್ಪಷ್ಟ: ಬೇಗ ಮಾಗುವ ಅಮೆರಿಕನ್ ತಳಿಯನ್ನೇ ಕೊಳ್ಳಿ. ಇಲಿನಾಯ್‌ನ ಆಲ್ಟನ್‌ನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಲ್ಪಟ್ಟ 'ಅರ್ಲಿ ಗೋಲ್ಡನ್', ಅದರ ಬೀಜದಿಂದ ಹುಟ್ಟಿದ 'ಗ್ಯಾರೆಟ್ಸನ್', ಇಂಡಿಯಾನಾದ 'ಯೇಟ್ಸ್', ದೊಡ್ಡ ಹಣ್ಣಿನ 'ಪ್ರಾಕ್', ನ್ಯೂ ಹ್ಯಾಂಪ್‌ಶೈರ್‌ನ ತಳಿವಿಜ್ಞಾನಿ ಎಲ್ವಿನ್ ಮೀಡರ್ ಅವರ ಹೆಸರಿನ 'ಮೀಡರ್' ಇವೆಲ್ಲ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಆರಂಭದೊಳಗೆ ಮಾಗತೊಡಗುತ್ತವೆ. ಪಟ್ಟಿಯಲ್ಲಿ ಹೆಸರಿನ ಬದಲು 'ಎಚ್-118' ಎಂಬಂಥ ಸಂಕೇತ ಕಂಡರೆ ಗಾಬರಿಯಾಗಬೇಡಿ. ಇಲಿನಾಯ್‌ನ ಸೇಂಟ್ ಎಲ್ಮೋದಲ್ಲಿ ಜೇಮ್ಸ್ ಕ್ಲೇಪೂಲ್ ಅವರು ವರ್ಷಗಟ್ಟಲೆ ಬೀಜದ ಗಿಡಗಳನ್ನು ಬೆಳೆಸಿ, ಸಾಲು ಮತ್ತು ಸಂಖ್ಯೆಯಿಂದ ಗುರುತು ಮಾಡಿ ಆರಿಸಿದ ಮರಗಳು ಅವು, ಮತ್ತು ಅವುಗಳಲ್ಲಿ ಬೇಗ ಮಾಗುವ ಕೆಲವು ಬಹಳ ಒಳ್ಳೆಯವು. ಇದಕ್ಕೆ ವಿರುದ್ಧವಾಗಿ, ದಕ್ಷಿಣದ ರಾಜ್ಯಗಳ ಕಾಡುಬೀಜದಿಂದ ಬೆಳೆಸಿದ ಸಸಿ ಅಗ್ಗಕ್ಕೆ ಸಿಕ್ಕಿತೆಂದು ತಂದರೆ, ಅದು ಜಾತಿಯಲ್ಲಿ ವರ್ಜಿನಿಯಾನವೇ ಆದರೂ ಉತ್ತರದ ಚಳಿಗೆ ಒಗ್ಗಿರುವುದಿಲ್ಲ. ಅದರ ಕಾಯಿ ಹಸುರಾಗಿರುವಾಗಲೇ ನಿಮ್ಮೂರಿಗೆ ಹಿಮ ಬಂದಿರುತ್ತದೆ.

ಗಂಡು ಮರ, ಹೆಣ್ಣು ಮರ

ಪರ್ಸಿಮನ್‌ನಲ್ಲಿ ಗಂಡು ಹೂವಿನ ಮರ ಬೇರೆ, ಹೆಣ್ಣು ಹೂವಿನ ಮರ ಬೇರೆ. ಬೀಜದಿಂದ ಬೆಳೆದ ಗಿಡಗಳಲ್ಲಿ ಸರಿಸುಮಾರು ಅರ್ಧದಷ್ಟು ಗಂಡಾಗುತ್ತವೆ, ಮತ್ತು ಅದು ಗೊತ್ತಾಗುವುದು ಹೂ ಬಿಟ್ಟಾಗ, ಅಂದರೆ ಹಲವು ವರ್ಷಗಳ ಆರೈಕೆಯ ನಂತರ. ಗಂಡು ಹೂವುಗಳು ಚಿಕ್ಕವಾಗಿದ್ದು ಎರಡು ಮೂರರ ಗೊಂಚಲಾಗಿ ಬರುತ್ತವೆ. ಹೆಣ್ಣು ಹೂವು ಒಂಟಿಯಾಗಿ, ಸ್ವಲ್ಪ ದಪ್ಪವಾಗಿ, ಬುಡದಲ್ಲಿ ಅಗಲವಾದ ನಾಲ್ಕು ಹಸುರು ದಳಗಳೊಂದಿಗೆ ಇರುತ್ತದೆ. ಮನೆಯ ಹಿತ್ತಿಲಿನಲ್ಲಿ ಒಂದೋ ಎರಡೋ ಮರಗಳಿಗೆ ಮಾತ್ರ ಜಾಗವಿರುವಾಗ ಹೆಸರುಳ್ಳ ಹೆಣ್ಣು ತಳಿಯ ಕಸಿಗಿಡವನ್ನೇ ಕೊಳ್ಳುವುದು ವಿವೇಕ. ಅದು ಮೂರ್ನಾಲ್ಕು ವರ್ಷಗಳಲ್ಲಿ ಫಲಕ್ಕೆ ಬರುತ್ತದೆ. ಬೀಜದ ಗಿಡಕ್ಕೆ ಅದರ ಇಮ್ಮಡಿ ಕಾಲ ಹಿಡಿಯಬಹುದು.

ಹಾಗಾದರೆ ಪರಾಗಕ್ಕೆ ಗಂಡು ಮರ ಬೇಡವೇ? ಇದಕ್ಕೆ ಉತ್ತರ ವರ್ಣತಂತುಗಳ ಲೆಕ್ಕದಲ್ಲಿದೆ. ಅಮೆರಿಕನ್ ಪರ್ಸಿಮನ್‌ನಲ್ಲಿ 60 ವರ್ಣತಂತುಗಳ ಬಳಗ ಮತ್ತು 90 ವರ್ಣತಂತುಗಳ ಬಳಗ ಎಂಬ ಎರಡು ಪಂಗಡಗಳಿವೆ. ಮೊದಲನೆಯದು ಮುಖ್ಯವಾಗಿ ಆಗ್ನೇಯ ಭಾಗದ್ದು, ಎರಡನೆಯದು ಉತ್ತರ ಮತ್ತು ಪಶ್ಚಿಮದ್ದು. ಒಂದರ ಪರಾಗ ಇನ್ನೊಂದರಲ್ಲಿ ಸರಿಯಾದ ಬೀಜ ಕಟ್ಟಿಸುವುದಿಲ್ಲ. ಮೇಲೆ ಹೆಸರಿಸಿದ ಉತ್ತರದ ತಳಿಗಳು 90ರ ಬಳಗಕ್ಕೆ ಸೇರಿದವು, ಮತ್ತು ಇವುಗಳಲ್ಲಿ ಹಲವು ಗಂಡು ಮರವೇ ಹತ್ತಿರವಿಲ್ಲದಿದ್ದರೂ ಬೀಜರಹಿತ ಹಣ್ಣು ಕೊಡುತ್ತವೆ. ಬೀಜವಿಲ್ಲದ ಹಣ್ಣು ಗಾತ್ರದಲ್ಲಿ ಸ್ವಲ್ಪ ಚಿಕ್ಕದಾಗಬಹುದು, ಎಳೆಯ ಕಾಯಿ ಹೆಚ್ಚು ಉದುರಬಹುದು. ಆದರೆ ಅಡುಗೆಮನೆಯಲ್ಲಿ ಬೀಜ ತೆಗೆಯುವ ಕೆಲಸ ತಪ್ಪುವುದು ಸಣ್ಣ ಲಾಭವೇನಲ್ಲ. ಆದ್ದರಿಂದ ಒಂದೇ ಹೆಣ್ಣು ಮರ ನೆಟ್ಟು ನೋಡಿ. ಮುಂದೆ ಕಾಯಿ ನಿಲ್ಲುವುದೇ ಇಲ್ಲವೆಂದಾದರೆ ಅದೇ ಮರದ ಒಂದು ಕೊಂಬೆಗೆ 90ರ ಬಳಗದ ಗಂಡು ಕಡ್ಡಿಯನ್ನು ಕಸಿ ಕಟ್ಟಬಹುದು.

ಜಾಗ ಗೊತ್ತುಮಾಡುವುದು

ಇಡೀ ದಿನ ಬಿಸಿಲು ಬೀಳುವ ಜಾಗ ಬೇಕು. ಕಾಡಿನ ಅಂಚಿನ ನೆರಳಿನಲ್ಲೂ ಮರ ಬದುಕುತ್ತದೆ, ಆದರೆ ಹಣ್ಣು ಮಾಗುವುದು ತಡವಾಗುತ್ತದೆ. ಚಳಿನಾಡಿನಲ್ಲಿ ತಡವಾಗುವುದೆಂದರೆ ಹಣ್ಣನ್ನು ಕಳೆದುಕೊಳ್ಳುವುದು. ಇಳಿಜಾರಿನ ತಗ್ಗಿನಲ್ಲಿ ತಣ್ಣನೆಯ ಗಾಳಿ ಮಡುಗಟ್ಟುವುದರಿಂದ ನಡುಭಾಗ ಅಥವಾ ಮೇಲ್ಭಾಗ ಲೇಸು. ಮಿಶ್ರತಳಿ ನೆಡುವವರು ಉತ್ತರ ಮತ್ತು ಪಶ್ಚಿಮದ ಗಾಳಿಯನ್ನು ತಡೆಯುವ ಗೋಡೆಯ ಅಥವಾ ದಟ್ಟ ಬೇಲಿಯ ಆಸರೆ ಹುಡುಕಬೇಕು.

ಮಣ್ಣಿನ ವಿಷಯದಲ್ಲಿ ಈ ಮರ ಹಟಮಾರಿಯಲ್ಲ. ಜೇಡಿಮಣ್ಣಾದರೂ ಆದೀತು, ಆದರೆ ಬೇರಿನ ಸುತ್ತ ನೀರು ನಿಲ್ಲಬಾರದು. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ಗಮನಿಸಿ. ಎರಡನೆಯ ಸಲ ಗಂಟೆಗೆ ಒಂದಂಗುಲವೂ ಇಳಿಯದಿದ್ದರೆ ಅಲ್ಲಿ ನೇರವಾಗಿ ನೆಡದೆ, ಒಂದಡಿ ಎತ್ತರದ ಅಗಲವಾದ ದಿಬ್ಬ ಮಾಡಿ ನೆಡಿ. ಮಣ್ಣಿನ ಆಮ್ಲೀಯತೆಯ ಅಳತೆ (ಪಿಎಚ್) 6ರಿಂದ 6.5ರ ನಡುವೆ ಇದ್ದರೆ ಉತ್ತಮ. ಅಮೆರಿಕನ್ ಮರಗಳ ನಡುವೆ 20 ಅಡಿ, ನಿಕಿತಾಸ್ ಗಿಫ್ಟ್‌ನಂಥ ಸಣ್ಣ ಮರಗಳಿಗೆ 12ರಿಂದ 15 ಅಡಿ ಅಂತರ ಸಾಕು. ಕಾರು ನಿಲ್ಲಿಸುವ ಜಾಗ, ಕಾಲುದಾರಿ ಮತ್ತು ಮರದ ಜಗಲಿಯ ಮೇಲೆ ಕೊಂಬೆ ಚಾಚದಂತೆ ನೋಡಿಕೊಳ್ಳಿ, ಏಕೆಂದರೆ ಮಾಗಿದ ಹಣ್ಣು ತಾನಾಗಿ ಉದುರಿ ಜಜ್ಜಿಹೋಗುತ್ತದೆ ಮತ್ತು ಅದಕ್ಕೆ ಕಣಜಗಳು ಮುತ್ತುತ್ತವೆ. ಅಗೆಯುವ ಕೆಲವು ದಿನ ಮೊದಲು 811ಕ್ಕೆ ಕರೆ ಮಾಡಿದರೆ ನೆಲದಡಿಯ ಅನಿಲ, ವಿದ್ಯುತ್ ಮಾರ್ಗಗಳನ್ನು ಉಚಿತವಾಗಿ ಗುರುತು ಮಾಡಿಕೊಡುತ್ತಾರೆ, ಇದನ್ನು ತಪ್ಪಿಸಬೇಡಿ.

ನೆಡುವ ಕ್ರಮ

ಒಳ್ಳೆಯ ತಳಿಗಳ ಕಸಿಗಿಡಗಳು ಬೇಗ ಮುಗಿದುಹೋಗುತ್ತವೆ. ಹಾಗಾಗಿ ಹಿಂದಿನ ಶರತ್ಕಾಲದಲ್ಲೇ ನರ್ಸರಿಗೆ ಬೇಡಿಕೆ ಸಲ್ಲಿಸಿ, ನೆಲ ಅಗೆಯಲು ಬರುವಷ್ಟು ಸಡಿಲವಾದ ಕೂಡಲೇ, ಅಂದರೆ ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವೆ, ನೆಡಿ. ಶರತ್ಕಾಲದಲ್ಲಿ ನೆಟ್ಟ ಗಿಡ ಬೇರೂರುವ ಮೊದಲೇ ಕಠಿಣ ಚಳಿಗೆ ಸಿಕ್ಕಿಕೊಳ್ಳುತ್ತದೆಯಾದ್ದರಿಂದ 5 ಮತ್ತು 6ನೆಯ ವಲಯಗಳಲ್ಲಿ ಅದು ಬೇಡ.

ಪರ್ಸಿಮನ್ನಿನ ಬೇರು ಉಳಿದ ಹಣ್ಣಿನ ಗಿಡಗಳ ಬೇರಿನಂತಲ್ಲ. ಅದಕ್ಕೆ ಉದ್ದವಾದ ತಾಯಿಬೇರು ಇರುತ್ತದೆ, ಕವಲುಬೇರು ಕಡಿಮೆ, ಮತ್ತು ಬಣ್ಣ ಕಪ್ಪು. ನರ್ಸರಿಯಿಂದ ಮಣ್ಣಿಲ್ಲದೆ ಬರಿಬೇರಾಗಿ ಬರುವ ಸಸಿಯ ಪೊಟ್ಟಣ ಬಿಚ್ಚಿದವರು ಬೇರು ಕೊಳೆತಿದೆಯೆಂದು ಹೆದರುವುದುಂಟು. ಉಗುರಿನಿಂದ ಮೆಲ್ಲಗೆ ಕೆರೆದಾಗ ಒಳಗೆ ತಿಳಿಹಳದಿ ಬಣ್ಣ ಕಂಡು ಗಟ್ಟಿಯಾಗಿದ್ದರೆ ಬೇರು ಆರೋಗ್ಯವಾಗಿದೆ. ಈ ಬೇರು ಗಾಳಿಗೆ ಬಹಳ ಬೇಗ ಒಣಗುತ್ತದೆ. ಆದಕಾರಣ ಗುಂಡಿ ಸಿದ್ಧವಾಗುವವರೆಗೆ ಪೊಟ್ಟಣ ಬಿಚ್ಚಬೇಡಿ. ಬಿಚ್ಚಿದ ಮೇಲೆ ಗಂಟೆ ಎರಡು ಗಂಟೆ ಬಕೆಟ್ ನೀರಿನಲ್ಲಿ ಅದ್ದಿಟ್ಟು ನೇರವಾಗಿ ಗುಂಡಿಗೆ ಇಳಿಸಿ.

ಗುಂಡಿಯ ಆಳ ತಾಯಿಬೇರಿನ ಉದ್ದವನ್ನು ನೋಡಿ ನಿರ್ಧಾರವಾಗಬೇಕು. ಬೇರು ಉದ್ದವಾಯಿತೆಂದು ಅದನ್ನು ಸುತ್ತಿ ಮಡಚಿ ತುರುಕುವುದಕ್ಕಿಂತ ಗುಂಡಿಯನ್ನು ಇನ್ನರ್ಧ ಅಡಿ ಆಳ ತೆಗೆಯುವುದು ಒಳ್ಳೆಯದು. ಕಸಿಯ ಗಂಟು ನೆಲದಿಂದ ಕನಿಷ್ಠ ಎರಡು ಮೂರು ಅಂಗುಲ ಮೇಲಿರಲಿ. ಅಗೆದ ಮಣ್ಣನ್ನೇ ತುಂಬಿ. ಗೊಬ್ಬರವನ್ನು ಗುಂಡಿಗೆ ಸುರಿಯುವ ನಮ್ಮ ಊರಿನ ರೂಢಿ ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ, ಏಕೆಂದರೆ ಸುತ್ತಲಿನ ಜೇಡಿಮಣ್ಣಿನ ನಡುವೆ ಸಡಿಲವಾದ ಆ ಗುಂಡಿ ಮಳೆನೀರನ್ನು ತೊಟ್ಟಿಯಂತೆ ಹಿಡಿದಿಟ್ಟುಕೊಳ್ಳುತ್ತದೆ. ಅರ್ಧ ತುಂಬಿದಾಗ ಒಮ್ಮೆ, ಪೂರ್ತಿ ತುಂಬಿದಾಗ ಒಮ್ಮೆ ನೀರು ಹಾಯಿಸಿ ಮಣ್ಣು ಕೂರುವಂತೆ ಮಾಡಿ. ಬುಡದ ಸುತ್ತ ಮೂರಡಿ ಅಗಲಕ್ಕೆ ಹುಲ್ಲು ತೆಗೆದು, ಮರದ ಚಕ್ಕೆಯನ್ನು ಮೂರು ನಾಲ್ಕು ಅಂಗುಲ ದಪ್ಪ ಹೊದಿಸಿ. ಕಾಂಡಕ್ಕೆ ಮಾತ್ರ ಅದು ತಾಗದಿರಲಿ.

ಇನ್ನು ಕಾಯುವ ಕೆಲಸ. ಬರಿಬೇರಿನ ಪರ್ಸಿಮನ್ ಸಸಿ ಮೊದಲ ವರ್ಷ ಚಿಗುರಲು ಜೂನ್‌ವರೆಗೂ ಸಮಯ ತೆಗೆದುಕೊಳ್ಳಬಹುದು. ಪಕ್ಕದ ಸೇಬಿನ ಗಿಡ ಎಲೆ ತುಂಬಿಕೊಂಡು ನಿಂತಿರುವಾಗ ಇದು ಒಣಕೋಲಿನಂತೆ ನಿಂತಿರುವುದನ್ನು ಕಂಡು, ಸತ್ತಿದೆಯೆಂದು ತೀರ್ಮಾನಿಸಿ ಕಿತ್ತೆಸೆಯುವವರು ಅನೇಕರು. ತೊಗಟೆಯನ್ನು ತುಸು ಗೀರಿ ನೋಡಿ. ಕೆಳಗೆ ಹಸುರಿದ್ದರೆ ಸುಮ್ಮನೆ ಬಿಡಿ. ಈ ಅವಧಿಯಲ್ಲಿ ಎಲೆಯಿಲ್ಲದ ಗಿಡಕ್ಕೆ ದಿನವೂ ನೀರು ಸುರಿದು ಬೇರು ಕೊಳೆಸುವುದು ಇನ್ನೊಂದು ಸಾಮಾನ್ಯ ಅಪಾಯ.

ಮೊದಲ ಮೂರು ವರ್ಷಗಳ ಆರೈಕೆ

ಚಿಗುರಿದ ಮೇಲೆ ಮೊದಲ ಎರಡು ಬೇಸಿಗೆಗಳಲ್ಲಿ ಮಳೆ ಬಾರದ ವಾರ ಸುಮಾರು 20 ಲೀಟರ್ ನೀರನ್ನು ನಿಧಾನವಾಗಿ ಇಂಗುವಂತೆ ಕೊಡಿ. ಆನಂತರ ತಾಯಿಬೇರು ಆಳಕ್ಕೆ ಇಳಿದಿರುವುದರಿಂದ ತೀವ್ರ ಬರದ ಕಾಲದಲ್ಲಿ ಮಾತ್ರ ನೀರು ಬೇಕಾಗುತ್ತದೆ. ಮೊದಲ ವರ್ಷ ಯಾವ ಗೊಬ್ಬರವೂ ಬೇಡ. ಮುಂದಿನ ವರ್ಷಗಳಲ್ಲಿ ರೆಂಬೆಗಳು ವರ್ಷಕ್ಕೆ ಒಂದಡಿಗಿಂತ ಕಡಿಮೆ ಬೆಳೆಯುತ್ತಿದ್ದರೆ ವಸಂತದ ಆರಂಭದಲ್ಲಿ ಸ್ವಲ್ಪ ಕಾಂಪೋಸ್ಟ್ ಹಾಕಿದರೆ ಸಾಕು. ಸಾರಜನಕ ಹೆಚ್ಚಾದರೆ ಎರಡು ಬಗೆಯಲ್ಲಿ ನಷ್ಟ: ಎಳೆಗಾಯಿ ಉದುರುತ್ತದೆ, ಮತ್ತು ಶರತ್ಕಾಲದವರೆಗೂ ಬೆಳೆಯುತ್ತಲೇ ಇರುವ ಎಳೆಯ ರೆಂಬೆ ಬಲಿಯದೆ ನವೆಂಬರ್‌ನ ಮೊದಲ ಗಟ್ಟಿ ಚಳಿಗೆ ಸಾಯುತ್ತದೆ. ಹುಲ್ಲುಹಾಸಿಗೆ ಹಾಕುವ ಗೊಬ್ಬರವೂ ಮರದ ಬೇರಿಗೆ ತಲಪುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಜುಲೈ ಕಳೆದ ಮೇಲೆ ಸುತ್ತಮುತ್ತ ಏನನ್ನೂ ಹಾಕದಿರುವುದೇ ಸರಿ.

ಚಳಿಗಿಂತ ಹೆಚ್ಚು ಎಳೆಯ ಗಿಡಗಳನ್ನು ಕೊಲ್ಲುವುದು ಪ್ರಾಣಿಗಳು. ಜಿಂಕೆಗಳು ಬೇಸಿಗೆಯಲ್ಲಿ ಚಿಗುರು ಮೇಯುತ್ತವೆ. ಶರತ್ಕಾಲದಲ್ಲಿ ಗಂಡುಜಿಂಕೆಗಳು ಕೊಂಬು ತಿಕ್ಕಿ ಕಾಂಡದ ತೊಗಟೆಯನ್ನೇ ಸುಲಿದುಹಾಕುತ್ತವೆ. ಐದಡಿ ಎತ್ತರದ, ನಾಲ್ಕಡಿ ಅಡ್ಡಳತೆಯ ತಂತಿಯ ಪಂಜರವನ್ನು ಎರಡು ಕಬ್ಬಿಣದ ಗೂಟಗಳಿಗೆ ಬಿಗಿದು ನೆಟ್ಟ ದಿನವೇ ಸುತ್ತಲೂ ನಿಲ್ಲಿಸಿ. ಹಿಮದಡಿಯಲ್ಲಿ ಓಡಾಡುವ ಹೊಲದ ಇಲಿಗಳು ಮತ್ತು ಮೊಲಗಳು ಬುಡದ ತೊಗಟೆಯನ್ನು ಸುತ್ತಲೂ ಕೊರೆದರೆ ಗಿಡ ಉಳಿಯುವುದಿಲ್ಲ. ಕಾಲಂಗುಲ ಕಣ್ಣಿನ ತಂತಿಬಲೆಯನ್ನು ಒಂದೂವರೆ ಅಡಿ ಎತ್ತರಕ್ಕೆ ಸಿಲಿಂಡರಿನಂತೆ ಸುತ್ತಿ, ಎರಡಂಗುಲ ನೆಲದೊಳಗೆ ಹೂಳಿ. ಹಿಮ ಹೆಚ್ಚು ಬೀಳುವ ಕಡೆ ಎತ್ತರವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿ. ಜನವರಿ ಫೆಬ್ರುವರಿಯ ಬಿಸಿಲಿಗೆ ನೈಋತ್ಯ ದಿಕ್ಕಿನ ತೊಗಟೆ ಹಗಲು ಬಿಸಿಯಾಗಿ ರಾತ್ರಿ ಹೆಪ್ಪುಗಟ್ಟಿ ಸೀಳುವುದನ್ನು ತಡೆಯಲು, ಒಳಾಂಗಣದ ಬಿಳಿ ಲೇಟೆಕ್ಸ್ ಬಣ್ಣಕ್ಕೆ ಅಷ್ಟೇ ನೀರು ಬೆರೆಸಿ ಕಾಂಡಕ್ಕೆ ಬಳಿಯಬಹುದು.

ಕಠಿಣ ಚಳಿಗಾಲದ ನಂತರ ಒಂದು ವಿಷಯವನ್ನು ಎಚ್ಚರದಿಂದ ನೋಡಬೇಕು. ಕಸಿಗಿಡದ ಬುಡ ಸಾಮಾನ್ಯವಾಗಿ ಅಮೆರಿಕನ್ ಕಾಡುಗಿಡವಾಗಿರುತ್ತದೆ. ಮೇಲಿನ ಮಿಶ್ರತಳಿ ಅಥವಾ ಕಾಕಿ ಸತ್ತರೂ ಬುಡ ಬದುಕಿದ್ದು ಜೋರಾಗಿ ಚಿಗುರುತ್ತದೆ. ಗಿಡ ಉಳಿಯಿತೆಂದು ಸಂತೋಷಪಟ್ಟು ಆ ಚಿಗುರನ್ನೇ ಬೆಳೆಸಿದವರಿಗೆ ಮುಂದೆ ಸಿಗುವುದು ಕಾಡುಮರ, ಅದೂ ಗಂಡಾಗಿರುವ ಸಾಧ್ಯತೆ ಅರ್ಧಕ್ಕರ್ಧ. ಚಿಗುರು ಕಸಿಯ ಗಂಟಿನ ಮೇಲಿನಿಂದ ಬಂದಿದೆಯೋ ಕೆಳಗಿನಿಂದಲೋ ಎಂಬುದನ್ನು ಪರೀಕ್ಷಿಸಿ. ಕೆಳಗಿನಿಂದಾದರೆ ನೇರವಾದ ಒಂದನ್ನು ಉಳಿಸಿಕೊಂಡು, ಮರುವರ್ಷ ಅದಕ್ಕೆ ಬೇಕಾದ ತಳಿಯನ್ನು ಕಸಿ ಕಟ್ಟಿ. ಮರ ಚೆನ್ನಾಗಿರುವಾಗಲೂ ಬೇರಿನಿಂದ ದೂರದೂರದಲ್ಲಿ ಮರಿಗಳು ಏಳುತ್ತವೆ. ಹುಲ್ಲು ಕತ್ತರಿಸುವಾಗ ಅವೂ ಹೋಗುತ್ತವೆ, ಬೇರೆ ಚಿಂತೆ ಬೇಡ.

ಕಸಿ ಕಟ್ಟುವುದು

ಪರ್ಸಿಮನ್ ಕಸಿಯಲ್ಲಿ ಕೈಚಳಕಕ್ಕಿಂತ ಹೊತ್ತು ಮುಖ್ಯ. ಕಸಿಕಡ್ಡಿಯನ್ನು ಫೆಬ್ರುವರಿ ಕೊನೆ ಅಥವಾ ಮಾರ್ಚ್ ಆರಂಭದಲ್ಲಿ, ಮೊಗ್ಗು ಇನ್ನೂ ಗಾಢನಿದ್ರೆಯಲ್ಲಿರುವಾಗ, ಹಿಂದಿನ ವರ್ಷದ ಪೆನ್ಸಿಲ್ ದಪ್ಪದ ರೆಂಬೆಯಿಂದ ಕತ್ತರಿಸಬೇಕು. ಅದನ್ನು ತುಸುವೇ ತೇವವಾದ ಕಾಗದದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಫ್ರಿಜ್‌ನಲ್ಲಿಡಿ. ಅದೇ ಖಾನೆಯಲ್ಲಿ ಸೇಬು ಇಡಬಾರದು. ಅದು ಬಿಡುವ ಎಥಿಲೀನ್ ಅನಿಲ ಮೊಗ್ಗುಗಳನ್ನು ಕೆಡಿಸುತ್ತದೆ.

ಸೇಬಿಗೆ ಏಪ್ರಿಲ್‌ನಲ್ಲಿ ಕಸಿ ಕಟ್ಟುವವರು ಅದೇ ದಿನ ಪರ್ಸಿಮನ್ನನ್ನೂ ಮುಗಿಸಿಬಿಡಲು ಹೋಗಿ ಸೋಲುತ್ತಾರೆ. ಬುಡದ ಗಿಡದಲ್ಲಿ ಎಳೆಯ ಎಲೆಗಳು ಬಿಚ್ಚತೊಡಗಿ, ತೊಗಟೆ ಸಲೀಸಾಗಿ ಬಿಡಿಸಿಕೊಳ್ಳುವಂತಾಗಿ, ಹಗಲಿನ ತಾಪ 20 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕಾಯಬೇಕು. ಅದು ಸಾಮಾನ್ಯವಾಗಿ ಮೇ ಮಧ್ಯದಿಂದ ಜೂನ್ ಆರಂಭದ ಕಾಲ. ಬುಡವೂ ಕಡ್ಡಿಯೂ ಒಂದೇ ದಪ್ಪವಿದ್ದರೆ ಎರಡನ್ನೂ ಓರೆಯಾಗಿ ಕೊಯ್ದು ನಾಲಿಗೆಯಂತೆ ಸೀಳಿ ಒಂದರೊಳಗೊಂದು ಕೂರಿಸುವ ಕಸಿ ಚೆನ್ನ. ಬುಡ ಒಂದಂಗುಲಕ್ಕಿಂತ ದಪ್ಪವಿದ್ದರೆ ಅದನ್ನು ಅಡ್ಡಕ್ಕೆ ಕೊಯ್ದು, ತೊಗಟೆಯನ್ನು ಉದ್ದಕ್ಕೆ ಸೀಳಿ, ಓರೆಯಾಗಿ ಹೆರೆದ ಕಡ್ಡಿಯನ್ನು ತೊಗಟೆ ಮತ್ತು ಕಟ್ಟಿಗೆಯ ನಡುವೆ ಇಳಿಸುವ ತೊಗಟೆಕಸಿ ಸುಲಭ. ಎರಡೋ ಮೂರೋ ಮೊಗ್ಗಿನ ಕಡ್ಡಿ ಸಾಕು. ರಬ್ಬರ್ ಪಟ್ಟಿಯಿಂದ ಬಿಗಿದು, ಕಡ್ಡಿಯ ತುದಿಯೂ ಸೇರಿದಂತೆ ಪೂರ್ತಿಯಾಗಿ ಕಸಿಯ ಮೇಣದ ಪಟ್ಟಿ ಸುತ್ತಿ. ಆಮೇಲೆ ವಾರಕ್ಕೊಮ್ಮೆ ಬುಡದಿಂದ ಬರುವ ಚಿಗುರುಗಳನ್ನು ತಪ್ಪದೆ ಉಜ್ಜಿ ತೆಗೆಯಬೇಕು. ಕಸಿ ಕೂಡಿಕೊಂಡರೆ ಅದೇ ಬೇಸಿಗೆಯಲ್ಲಿ ಮೂರ್ನಾಲ್ಕು ಅಡಿ ಬೆಳೆಯಬಹುದು. ಗುಡುಗುಮಳೆಯ ಗಾಳಿಗೆ ಗಂಟಿನ ಬಳಿ ಮುರಿಯದಂತೆ ಕೋಲಿನ ಆಸರೆ ಕಟ್ಟಿ.

ಸವರುವಿಕೆ ಮತ್ತು ಕೀಟ

ಚಳಿಗಾಲದ ಕೊನೆಯಲ್ಲಿ ಸವರಿ. ನಡುಕಾಂಡವನ್ನು ಉಳಿಸಿಕೊಂಡು, ನೆಲದಿಂದ ಮೂರಡಿ ಮೇಲಿನಿಂದ ಸುತ್ತಲೂ ಅಗಲವಾದ ಕೋನದಲ್ಲಿ ಹೊರಟ ನಾಲ್ಕೈದು ಕೊಂಬೆಗಳನ್ನು ಬೆಳೆಸಿ. ಕಿರಿದಾದ ಕೋನದ ಕವೆಗಳು ಹಣ್ಣಿನ ಭಾರಕ್ಕೆ ಸೀಳುತ್ತವೆ. ಪರ್ಸಿಮನ್ ಹೂ ಬಿಡುವುದು ಹಿಂದಿನ ವರ್ಷದ ರೆಂಬೆಯ ತುದಿಯ ಮೊಗ್ಗುಗಳಿಂದ ಆ ವರ್ಷ ಹೊರಡುವ ಹೊಸ ಚಿಗುರಿನಲ್ಲಿ. ಆದುದರಿಂದ ಬೇಲಿ ಕತ್ತರಿಸಿದಂತೆ ಎಲ್ಲ ತುದಿಗಳನ್ನೂ ಒಂದೇ ಸಮನೆ ಕತ್ತರಿಸಿದರೆ ಆ ವರ್ಷ ಹಣ್ಣಿರುವುದಿಲ್ಲ. ಬೇಡವಾದ ಕೊಂಬೆಯನ್ನು ಬುಡಸಮೇತ ತೆಗೆದು ಉಳಿದವನ್ನು ಹಾಗೆಯೇ ಬಿಡುವುದು ಕ್ರಮ. ಕಾಡಿನಲ್ಲಿ 50 ಅಡಿ ದಾಟುವ ಮರವನ್ನು ಹಿತ್ತಿಲಿನಲ್ಲಿ 15 ಅಡಿಗೆ ನಿಲ್ಲಿಸಬೇಕಾದರೆ ನಡುಕಾಂಡವನ್ನು ಆ ಎತ್ತರದಲ್ಲಿ ಒಂದು ಪಕ್ಕದ ಕೊಂಬೆಗೆ ತಗ್ಗಿಸಿ, ಪ್ರತಿವರ್ಷ ಸ್ವಲ್ಪ ಸ್ವಲ್ಪವೇ ಸವರುತ್ತಿರಬೇಕು.

ಕೀಟಗಳ ವಿಷಯ ಬೇಗ ಮುಗಿಯುತ್ತದೆ. ಎಳೆ ಎಲೆಗಳು ಮುದುಡಿಕೊಂಡರೆ ಅದು ರಸ ಹೀರುವ ಸಿಲ್ಲಿಡ್ ಹುಳುವಿನ ಕೆಲಸ. ದೊಡ್ಡ ಮರಕ್ಕೆ ಅದರಿಂದ ಗಣನೀಯ ಹಾನಿಯಿಲ್ಲ. ಆಗಸ್ಟ್ ಕೊನೆಯ ನಂತರ ಚಾಕುವಿನಿಂದ ಸುತ್ತಲೂ ಕೊರೆದಂತಿರುವ ರೆಂಬೆಗಳು ಕೆಳಗೆ ಬಿದ್ದಿದ್ದರೆ ಅದು ರೆಂಬೆ ಕೊರೆಯುವ ಒಂದು ಜಾತಿಯ ದುಂಬಿಯದು. ಮೊಟ್ಟೆಗಳು ಬಿದ್ದ ರೆಂಬೆಯೊಳಗೇ ಇರುತ್ತವೆಯಾದ್ದರಿಂದ ಅವನ್ನೆಲ್ಲ ಆರಿಸಿ ಸುಟ್ಟುಬಿಡಿ. ಬೇಸಿಗೆಯ ಕೊನೆಗೆ ಎಲೆಯ ಮೇಲೆ ಮೂಡುವ ಕಪ್ಪು ಚುಕ್ಕೆ ನೋಡಲು ಕೆಟ್ಟದಾಗಿದ್ದರೂ ಅಷ್ಟೇನೂ ತೊಂದರೆ ಕೊಡುವುದಿಲ್ಲ.

ಕೊಯ್ಲು ಮತ್ತು ಬಳಕೆ

ಮಾಗದ ಪರ್ಸಿಮನ್ ಕಚ್ಚಿದವರು ಆ ಒಗರನ್ನು ಮರೆಯುವುದಿಲ್ಲ. ವರ್ಜೀನಿಯಾದಲ್ಲಿ ವಸಾಹತು ಕಟ್ಟಿದ ಕ್ಯಾಪ್ಟನ್ ಜಾನ್ ಸ್ಮಿತ್ ಹದಿನೇಳನೆಯ ಶತಮಾನದ ಆರಂಭದಲ್ಲೇ, ಇದು ಮಾಗದಿದ್ದರೆ ಬಾಯನ್ನು ಸೊಟ್ಟಗಾಗಿಸಿ ಹಿಂಸಿಸುತ್ತದೆ, ಮಾಗಿದರೆ ಏಪ್ರಿಕಾಟ್‌ನಷ್ಟು ರುಚಿ ಎಂಬರ್ಥದಲ್ಲಿ ಬರೆದಿದ್ದಾನೆ. ಈ ಒಗರಿಗೆ ಕಾರಣ ನೀರಿನಲ್ಲಿ ಕರಗುವ ಟ್ಯಾನಿನ್; ಹಣ್ಣು ಮೆತ್ತಗಾದಂತೆ ಅದು ಕರಗದ ರೂಪಕ್ಕೆ ತಿರುಗಿ ನಾಲಿಗೆಗೆ ತಿಳಿಯದಂತಾಗುತ್ತದೆ. ಕಾಯಿಸಪೋಟವನ್ನು ಅಕ್ಕಿಯಲ್ಲಿ ಹೂತಿಟ್ಟು ಕಾದವರಿಗೆ ಈ ತಾಳ್ಮೆ ಹೊಸದಲ್ಲ.

ಹಿಮ ಬೀಳದೆ ಪರ್ಸಿಮನ್ ಸಿಹಿಯಾಗುವುದಿಲ್ಲ ಎಂಬ ಮಾತು ಅಮೆರಿಕದ ಹಳ್ಳಿಗಳಲ್ಲಿ ಬಲವಾಗಿದೆ, ಆದರೆ ಅದು ಸರಿಯಲ್ಲ. ಬೇಗ ಮಾಗುವ ತಳಿಗಳು ಚಳಿಯ ಸುಳಿವೇ ಇಲ್ಲದ ಸೆಪ್ಟೆಂಬರ್‌ನಲ್ಲಿ ಸಿಹಿಯಾಗಿ ಉದುರುತ್ತವೆ. ಬಲಿಯದ ಕಾಯಿಗೆ ಗಟ್ಟಿ ಚಳಿ ತಗುಲಿದರೆ ಅದು ಒಗರಾಗಿಯೇ ಕೊಳೆಯುತ್ತದೆ. ಇದೇ ಹಳ್ಳಿಗರು ಬೀಜವನ್ನು ಸೀಳಿ, ಒಳಗಿನ ಮೊಳಕೆಯ ಆಕಾರ ಚಮಚೆಯಂತಿದ್ದರೆ ಹಿಮ ಹೆಚ್ಚು, ಚಾಕುವಿನಂತಿದ್ದರೆ ಕೊರೆಯುವ ಗಾಳಿ ಎಂದು ಚಳಿಗಾಲದ ಭವಿಷ್ಯವನ್ನೂ ಹೇಳುತ್ತಾರೆ. ಮಕ್ಕಳೊಂದಿಗೆ ಆಡಲು ಅದು ಚೆಂದದ ಆಟ.

ಅಮೆರಿಕನ್ ಹಣ್ಣನ್ನು ಕೀಳುವುದಕ್ಕಿಂತ ಆರಿಸಿಕೊಳ್ಳುವುದೇ ಕ್ರಮ. ಮರದಡಿ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ ಬಲೆ ಅಥವಾ ಒಣಹುಲ್ಲು ಹರಡಿ, ಬೆಳಗ್ಗೆ ಬೇಗ ಹೋಗಿ ಆರಿಸಿ. ರಕೂನ್, ಪಾಸಮ್, ನರಿ ಇವೆಲ್ಲ ರಾತ್ರಿಯೇ ತಮ್ಮ ಪಾಲನ್ನು ತೆಗೆದುಕೊಂಡಿರುತ್ತವೆ. ಬಣ್ಣ ನೋಡಿ ನಂಬಬೇಡಿ. ಹಣ್ಣು ನೀರು ತುಂಬಿದ ಚೀಲದಷ್ಟು ಮೆತ್ತಗಿರಬೇಕು, ತೊಟ್ಟಿನ ಟೊಪ್ಪಿಗೆ ಮುಟ್ಟಿದರೆ ಕಳಚಿಬರಬೇಕು. ಮಿಶ್ರತಳಿಯ ಹಣ್ಣನ್ನು ಬಣ್ಣ ತಿರುಗಿದ ಮೇಲೆ, ಗಟ್ಟಿ ಚಳಿಯ ಮುನ್ಸೂಚನೆ ಬಂದಾಗ ತೊಟ್ಟುಸಮೇತ ಕತ್ತರಿಸಿ, ಕಾಗದದ ಚೀಲದಲ್ಲಿ ಸೇಬು ಅಥವಾ ಬಾಳೆಹಣ್ಣಿನೊಂದಿಗೆ ಇಟ್ಟರೆ ಒಂದೆರಡು ವಾರಗಳಲ್ಲಿ ಮೆತ್ತಗಾಗುತ್ತದೆ. ಒಗರುಳ್ಳ ಕಾಯಿಯನ್ನು, ಅದರಲ್ಲೂ ಖಾಲಿ ಹೊಟ್ಟೆಯಲ್ಲಿ, ಹೆಚ್ಚು ತಿಂದರೆ ಟ್ಯಾನಿನ್ ಜಠರದಲ್ಲಿ ಗಟ್ಟಿಯಾದ ಉಂಡೆಯಾಗುವ ಅಪಾಯವಿದೆ. ಜಠರದ ಶಸ್ತ್ರಚಿಕಿತ್ಸೆ ಆದವರು ಈ ಹಣ್ಣಿನ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಇಂಡಿಯಾನಾದ ಮಿಚೆಲ್ ಎಂಬ ಊರಿನಲ್ಲಿ 1947ರಿಂದ ಪರ್ಸಿಮನ್ ಹಬ್ಬ ನಡೆದುಬಂದಿದೆ. ಅಲ್ಲಿನ ಮುಖ್ಯ ತಿನಿಸು ತಿರುಳಿಗೆ ಮಜ್ಜಿಗೆ, ಮೊಟ್ಟೆ, ಹಿಟ್ಟು ಕಲಸಿ ಬೇಯಿಸಿದ ಪುಡಿಂಗ್. ನಮ್ಮ ಅಡುಗೆಯಲ್ಲಿ ಇದಕ್ಕೆ ಹೇಳಿಮಾಡಿಸಿದ್ದು ಸೀಕರಣೆ, ಏಕೆಂದರೆ ಒಲೆಯ ಮೇಲೆ ಕಾಯಿಸಿದಾಗ ಅಡಗಿದ್ದ ಒಗರು ಕೆಲವೊಮ್ಮೆ ಮರಳಿ ಬರುತ್ತದೆ. ಸೀಕರಣೆಗೆ ಬೆಂಕಿ ಬೇಕಿಲ್ಲ. ಏಲಕ್ಕಿ, ಒಂದಿಷ್ಟು ತೆಂಗಿನ ಹಾಲು ಸಾಕು, ಬೆಲ್ಲವೂ ಹೆಚ್ಚು ಬೇಕಾಗುವುದಿಲ್ಲ. ತಿರುಳು ತೆಗೆಯಲು ತೊಟ್ಟು ಕಳಚಿದ ಹಣ್ಣುಗಳನ್ನು ಜರಡಿಯ ಮೇಲೆ ಮರದ ಸೌಟಿನಿಂದ ತಿಕ್ಕಿದರೆ ಸಿಪ್ಪೆ ಬೀಜಗಳು ಮೇಲುಳಿಯುತ್ತವೆ. ಒಂದೇ ಒಂದು ಅರೆಮಾಗಿದ ಹಣ್ಣು ಸೇರಿದರೂ ಇಡೀ ಪಾತ್ರೆಯ ತಿರುಳು ಒಗರಾಗುವುದರಿಂದ, ಪ್ರತಿ ಸಣ್ಣ ಕಂತನ್ನೂ ನಾಲಿಗೆಗೆ ಹಚ್ಚಿ ನೋಡಿದ ಮೇಲೆಯೇ ದೊಡ್ಡ ಪಾತ್ರೆಗೆ ಸುರಿಯಿರಿ. ಉಳಿದದ್ದನ್ನು ಎರಡೆರಡು ಬಟ್ಟಲಿನಷ್ಟು ಅಳೆದು ಚಪ್ಪಟೆ ಚೀಲಗಳಲ್ಲಿ ತುಂಬಿ, ತಳಿಯ ಹೆಸರು ಮತ್ತು ತಿಂಗಳು ಬರೆದು ಫ್ರೀಜರ್‌ನಲ್ಲಿಟ್ಟರೆ ಮುಂದಿನ ಫಸಲಿನವರೆಗೂ ಕೆಡುವುದಿಲ್ಲ.